ಮಗಳ ಮುಟ್ಟಿನ ಸುಸ್ತಿಗೆ ತಾರಸಿಯಲ್ಲಿ ಏನು ಬೆಳೆಯಲಿ ಎಂದು ಕೇಳಿದ ಅಕ್ಕನಿಗೆ

ಅಕ್ಕ, ನಿಮ್ಮ ಪ್ರಶ್ನೆ ಓದಿದೆ. ಮಗಳಿಗೆ 16 ವರ್ಷ. ಮುಟ್ಟು ಒಮ್ಮೆ 26 ದಿನಕ್ಕೆ, ಒಮ್ಮೆ 40 ದಿನಕ್ಕೆ. ಬಂದರೆ ಎಂಟು ಒಂಬತ್ತು ದಿನ ನಿಲ್ಲುವುದಿಲ್ಲ, ಮೆಟ್ಟಿಲು ಹತ್ತಿದರೆ ಏದುಸಿರು. ತಾರಸಿ ತೋಟದಲ್ಲಿ ಏನು ಬೆಳೆದು ಕೊಡಲಿ ಎಂದು ಕೇಳಿದ್ದೀರಿ. ಅದಕ್ಕೆ ಬೀಟ್ರೂಟ್ ಜ್ಯೂಸ್, ಪಪ್ಪಾಯಿ, ಹದಿನೈದು ದಿನ ಅಗಸೆ ಬೀಜ ಆಮೇಲೆ ಹದಿನೈದು ದಿನ ಎಳ್ಳು ಎಂದೆಲ್ಲ ಸಲಹೆ ಬಂದಿವೆ. ನಾನು ಸ್ವಲ್ಪ ಬೇರೆ ಹೇಳುತ್ತೇನೆ.

ಸೊಪ್ಪು ತಿನ್ನಿಸಿ ಮುಟ್ಟಿನ ತಾರೀಕು ಸರಿಮಾಡಲು ಆಗುವುದಿಲ್ಲ. ಹೋದ ರಕ್ತವನ್ನು ತುಂಬಿಕೊಳ್ಳಲು ಮಾತ್ರ ಊಟ ಖಂಡಿತ ಸಹಾಯ ಮಾಡುತ್ತದೆ. ಹಾಗಾಗಿ ತಾರೀಕಿನ ಚಿಂತೆ ಸದ್ಯಕ್ಕೆ ಬಿಡಿ. ಮೈನೆರೆದ ಮೊದಲ ಕೆಲವು ವರ್ಷ 21ರಿಂದ 45 ದಿನದ ಒಳಗೆ ಹಿಂದೆ ಮುಂದೆ ಆಗುವುದು ಸಾಮಾನ್ಯ. ಆದರೆ ಏಳು ದಿನ ದಾಟಿ ಹೋಗುವುದು, ಜೊತೆಗೆ ಏದುಸಿರು, ಇವು ಸುಮ್ನೆ ಬಿಡುವಂಥವಲ್ಲ. ಬೀಜ ತರುವ ಮೊದಲು ಡಾಕ್ಟರ್ ಹತ್ತಿರ ಹೋಗಿ. ಹಿಮೋಗ್ಲೋಬಿನ್, ಫೆರಿಟಿನ್, ಥೈರಾಯ್ಡ್ ನೋಡಬೇಕಾ ಎಂದು ಕೇಳಿ. ಹಿಮೋಗ್ಲೋಬಿನ್ 12ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ. 12 ಇದ್ದರೂ ಮೈಯಲ್ಲಿ ಕೂಡಿಟ್ಟ ಕಬ್ಬಿಣ ಖಾಲಿಯಾಗಿರಬಹುದು, ಅದು ಫೆರಿಟಿನ್‌ನಲ್ಲಿ ಗೊತ್ತಾಗುತ್ತದೆ. ಈ ವಯಸ್ಸಿನಲ್ಲಿ ಜಾಸ್ತಿ ಹೋಗುತ್ತಿದ್ದರೆ ರಕ್ತ ಹೆಪ್ಪುಗಟ್ಟುವುದರಲ್ಲೇ ತೊಂದರೆ ಇರುವುದೂ ಉಂಟು. ಗಂಟೆಗೊಂದು ಪ್ಯಾಡ್ ತೊಯ್ದು ಹೋಗುವಂತಾದರೆ ಅವತ್ತೇ ತೋರಿಸಿ, ಮಾರನೇ ದಿನಕ್ಕೆ ಇಟ್ಟುಕೊಳ್ಳಬೇಡಿ.

ಕಬ್ಬಿಣ ಕಡಿಮೆ ಎಂದು ಬಂದರೆ ಮಾತ್ರೆ ಬೇಕೇ ಬೇಕು. ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ನೀಲಿ ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣ ಇರುತ್ತದೆ. ಮಕ್ಕಳು ಅದನ್ನು ಬ್ಯಾಗಿನಲ್ಲೇ ಇಟ್ಟುಕೊಂಡು ಬರುತ್ತಾರೆ, ಒಮ್ಮೆ ಕೇಳಿ ನೋಡಿ. ಹಾಲು, ಕಾಫಿ ಜೊತೆ ನುಂಗಿಸಬೇಡಿ. ಮಲ ಕಪ್ಪಗಾದರೆ ಗಾಬರಿ ಬೇಡ.

ಈಗ ಊಟಕ್ಕೆ ಬರೋಣ. ನಮ್ಮ ದೇಶದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್ ಲೆಕ್ಕದಲ್ಲಿ ಈ ವಯಸ್ಸಿನ ಹುಡುಗಿಗೆ ದಿನಕ್ಕೆ 32 ಮಿಲಿಗ್ರಾಂ ಕಬ್ಬಿಣ ಬೇಕು. ದೊಡ್ಡ ಗಂಡಸಿಗೆ 19 ಸಾಕು. ಬೀಟ್ರೂಟ್ ಕೆಂಪಗಿದೆ ಅಷ್ಟೇ, ನೂರು ಗ್ರಾಂನಲ್ಲಿ ಒಂದು ಮಿಲಿಗ್ರಾಂ ಕೂಡ ಸಿಗುವುದಿಲ್ಲ. ಅಷ್ಟೇ ತೂಕದ ಹುರುಳಿಕಾಳಿನಲ್ಲಿ ಎಂಟಕ್ಕಿಂತ ಜಾಸ್ತಿ ಇದೆ. ಎಳ್ಳಿನಲ್ಲಿ ಇನ್ನೂ ಜಾಸ್ತಿ. ಮೈನೆರೆದ ಹುಡುಗಿಗೆ ಎಳ್ಳು ಬೆಲ್ಲ ಕುಟ್ಟಿದ ಚಿಗಳಿ, ಕೊಬ್ಬರಿ ಬೆಲ್ಲ ತಿನ್ನಿಸುತ್ತಿದ್ದ ಅಜ್ಜಿಯರು ಸರಿಯಾಗೇ ಮಾಡುತ್ತಿದ್ದರು. ಎಳ್ಳು ಉಷ್ಣ ಎಂದು ನಿಲ್ಲಿಸಬೇಡಿ. ರಾಗಿ ಇರಲಿ, ಆದರೆ ಅದರ ದೊಡ್ಡ ಗುಣ ಸುಣ್ಣದಂಶ, ಕಬ್ಬಿಣ ಅಲ್ಲ.

ಆದರೆ ಕಾಳು, ಸೊಪ್ಪಿನಲ್ಲಿರುವ ಕಬ್ಬಿಣ ಮೈಗೆ ಹತ್ತುವುದು ಕಡಿಮೆ. ಎಷ್ಟು ತಿಂದೆವು ಅನ್ನುವುದಕ್ಕಿಂತ ಯಾವುದರ ಜೊತೆ ತಿಂದೆವು ಅನ್ನುವುದು ಮುಖ್ಯ. ನಮ್ಮ ಮನೆಯಲ್ಲಿ ಹುರುಳಿಕಾಳನ್ನು ರಾತ್ರಿ ನೆನೆಹಾಕಿ, ಬೆಳಿಗ್ಗೆ ಬಸಿದು ಬಟ್ಟೆಯಲ್ಲಿ ಕಟ್ಟಿಡುತ್ತೇವೆ. ಮಾರನೇ ದಿನಕ್ಕೆ ಬಟ್ಟೆಯಿಂದ ಮೊಳಕೆ ಇಣುಕುತ್ತದೆ. ಮೊಳಕೆ ಬಂದರೆ ಕಬ್ಬಿಣವನ್ನು ಹಿಡಿದಿಡುವ ಫೈಟೇಟ್ ಇಳಿಯುತ್ತದೆ. ಅದಕ್ಕೆ ದಂಟಿನ ಸೊಪ್ಪು ಸೇರಿಸಿ ಬೇಯಿಸಿ, ಕಟ್ಟು ಬಸಿದು ಬಸ್ಸಾರು, ಉಳಿದದ್ದು ಪಲ್ಯ. ಪಲ್ಯಕ್ಕೆ ನಿಂಬೆಹಣ್ಣು ಹಿಂಡುವುದು ಒಲೆ ಆರಿಸಿದ ಮೇಲೆ. ಕುದಿಯುವಾಗ ಹಿಂಡಿದರೆ ಸಿ ವಿಟಮಿನ್ ಹಾಳಾಗುತ್ತದೆ, ಕಬ್ಬಿಣ ಹತ್ತಿಸುವುದೇ ಅದು. ನಿಂಬೆ ಇಲ್ಲದಿದ್ದರೆ ಊಟದ ಜೊತೆ ಅರ್ಧ ಸೀಬೆಕಾಯಿ ಅಥವಾ ಹಸಿ ನೆಲ್ಲಿಕಾಯಿ. ಒಗ್ಗರಣೆ ಕಬ್ಬಿಣದ ಬಾಣಲೆಯಲ್ಲೇ ಆಗಲಿ. ಮಾಂಸ, ಮೀನು ತಿನ್ನುವ ಮನೆಯಾದರೆ ಇನ್ನೂ ಸುಲಭ, ಆ ಕಬ್ಬಿಣ ಬೇಗ ಹತ್ತುತ್ತದೆ.

ಎಲ್ಲಕ್ಕಿಂತ ಅಡ್ಡಗಾಲು ಹಾಕುವುದು ಕಾಫಿ, ಟೀ. ತಿಂಡಿ ತಿಂದ ತಕ್ಷಣ ಲೋಟ ಹಿಡಿದರೆ ತಿಂದ ಕಬ್ಬಿಣದ ದೊಡ್ಡ ಪಾಲು ಹೊರಗೆ. ಒಂದು ಗಂಟೆ ಅಂತರ ಇರಲಿ. ಇಷ್ಟು ಮಾಡಿಸುವುದು ಸೊಪ್ಪು ಬೆಳೆಯುವುದಕ್ಕಿಂತ ಕಷ್ಟ, ಅಲ್ವಾ?

ತೋಟಕ್ಕೆ ಮೊದಲು ನುಗ್ಗೆ. ನೀರಿನ ಹಳೇ ಡ್ರಮ್ಮನ್ನು ಅರ್ಧಕ್ಕೆ ಕತ್ತರಿಸಿ, ಕೆಳಗೆ ತೂತು ಮಾಡಿ, ಪಿಕೆಎಂ-1 ಎಂಬ ನುಗ್ಗೆ ತಳಿಯ ಬೀಜ ಹಾಕಿ. ಎದೆಯೆತ್ತರ ಬಂದಾಗ ತುದಿ ಚಿವುಟಿಬಿಡಿ. ಇಲ್ಲದಿದ್ದರೆ ಉದ್ದಕ್ಕೆ ಹೋಗಿ ಗಾಳಿಗೆ ಮುರಿಯುತ್ತದೆ, ಸೊಪ್ಪೂ ಕೈಗೆ ಎಟುಕುವುದಿಲ್ಲ. ನೀರು ನಿಂತರೆ ಬೇರು ಕೊಳೆಯುತ್ತದೆ. ಹರಿವೆಯನ್ನು ಹತ್ತು ದಿನಕ್ಕೊಮ್ಮೆ ಒಂದೊಂದು ಟ್ರೇಗೆ ಚೆಲ್ಲಿ, ತಿಂಗಳೊಳಗೆ ಕೀಳಬಹುದು, ಆಮೇಲೆ ಒಂದಾದ ಮೇಲೊಂದು ಸಿಗುತ್ತಲೇ ಇರುತ್ತದೆ. ಒಂದು ಕುಂಡದಲ್ಲಿ ನಿಂಬೆ. ಚಕ್ರಮುನಿ ಸೊಪ್ಪನ್ನು ಇಲ್ಲಿ ಹಲವರು ಹಸಿ ಜ್ಯೂಸ್ ಮಾಡಿ ಕುಡಿಯುತ್ತಾರೆ, ದಯವಿಟ್ಟು ಬೇಡ. 1990ರ ದಶಕದಲ್ಲಿ ತೈವಾನ್‌ನಲ್ಲಿ ತೂಕ ಇಳಿಸಲು ಹಾಗೆ ಕುಡಿದವರ ಶ್ವಾಸಕೋಶವೇ ಹಾಳಾಗಿತ್ತು. ಅಪರೂಪಕ್ಕೆ ಒಂದು ಹಿಡಿ ಬೇಯಿಸಿ ತಿಂದರೆ ಸಾಕು.

ಅಗಸೆ, ಎಳ್ಳಿನ ಆ ಹದಿನೈದು ದಿನದ ಲೆಕ್ಕಕ್ಕೆ ಗಟ್ಟಿ ಆಧಾರ ಇಲ್ಲ. ಬೀಜಗಳು ಒಳ್ಳೆಯವೇ, ಯಾವ ದಿನ ಬೇಕಾದರೂ ತಿನ್ನಲಿ. ಪಪ್ಪಾಯಿಯೂ ಹಣ್ಣೆಂದು ತಿನ್ನಲಿ. ಹೊಟ್ಟೆನೋವಿದ್ದರೆ ಮೊದಲ ಎರಡು ಮೂರು ದಿನ ಶುಂಠಿ ಕಷಾಯ, ಹೊಟ್ಟೆಗೆ ಬಿಸಿನೀರಿನ ಶಾಖ ಸ್ವಲ್ಪ ಆರಾಮ ಕೊಡುತ್ತವೆ.

ಇನ್ನೊಂದು ವಿಷಯ ಮೆಲ್ಲಗೆ ವಿಚಾರಿಸಿ. ದಪ್ಪ ಆಗುತ್ತೇನೆ ಎಂದು ಊಟ ಬಿಡುತ್ತಿದ್ದಾಳಾ? ಹೊಟ್ಟೆಗೆ ಕಡಿಮೆಯಾದರೆ ಮುಟ್ಟು ಮುಂದೆ ಹೋಗುತ್ತದೆ, ನಿಂತೇಹೋಗುವುದೂ ಉಂಟು. ಹಾಗಿದ್ದರೆ ಡಾಕ್ಟರಿಗೂ ಹೇಳಿ.

ರಿಪೋರ್ಟ್ ಬಂದ ಮೇಲೆ ಇಲ್ಲೇ ಬರೆಯಿರಿ. ಹರಿವೆ ಬೀಜ ನನ್ನ ಹತ್ತಿರ ಜಾಸ್ತಿ ಇದೆ, ಬೇಕಿದ್ದರೆ ಕಳಿಸುತ್ತೇನೆ.