ಬೈಕಿನ ಪೆಟ್ರೋಲ್ ಟ್ಯಾಂಕ್ ವೆಂಟ್ ಪೈಪ್ ಎಡಕ್ಕೆ ಬಿಡಬೇಕಾ, ಬಲಕ್ಕಾ? ವಾಸನೆ ಬರುತ್ತಿದ್ದರೆ ತುದಿ ಮುಚ್ಚಬಹುದಾ?

ವೆಂಟ್ ಪೈಪ್ ಅಂದರೆ ಟ್ಯಾಂಕಿಗೆ ಗಾಳಿ ಹೋಗಿ ಬರುವ ಪೈಪ್; ಪೆಟ್ರೋಲ್ ಇಳಿದಷ್ಟೂ ಅದರಿಂದ ಗಾಳಿ ಒಳಗೆ ಬರಬೇಕು. ಎಡನೋ ಬಲನೋ, ಯಾವುದಾದರೂ ಆಗುತ್ತದೆ. ನಾನೂ ಟ್ಯಾಂಕ್ ಬಿಚ್ಚಿದಾಗ ತುದಿ ಎಲ್ಲಿ ಬಿಡೋದು ಅಂತಲೇ ತಲೆ ಕೆಡಿಸಿಕೊಂಡಿದ್ದೆ. ಪೈಪ್ ಅಲ್ಲಿಯವರೆಗೆ ಯಾವ ದಾರಿಯಲ್ಲಿ ಹೋಗುತ್ತದೆ ಅಂತ ನೋಡಲಿಲ್ಲ. ಕೆಟ್ಟಿದ್ದು ಅಲ್ಲೇ.

ನನ್ನದು ಹಳೇ ಕಾರ್ಬೊರೇಟರ್ ಬೈಕ್. ಹೊಸ ಪೈಪ್ ಹಾಕಿ, ತುದಿಯನ್ನು ಎಂಜಿನ್ ಹಿಂದೆ ನೀಟಾಗಿ ಇಳಿಬಿಟ್ಟಿದ್ದೆ. ಟ್ಯಾಂಕ್ ಕೂರಿಸುವಾಗ ಹಿಂಬದಿ ಒಂಚೂರು ಎತ್ತರ ನಿಂತಿತು. ಟ್ಯಾಂಕ್ ಕೂರುವ ರಬ್ಬರ್ ಬುಷ್ ಹೊಸದು ಅಲ್ವಾ, ಕೂರುತ್ತದೆ ಬಿಡು ಅಂತ ಅಂಗೈಯಲ್ಲಿ ಒತ್ತಿ ಬೋಲ್ಟ್ ಬಿಗಿದೆ. ಎತ್ತರ ನಿಂತಿದ್ದಕ್ಕೆ ಬುಷ್ ಕಾರಣವೇ ಅಲ್ಲ. ಟ್ಯಾಂಕಿನ ತಳಕ್ಕೂ ಫ್ರೇಮಿಗೂ ನಡುವೆ ಪೈಪ್ ಸಿಕ್ಕಿಕೊಂಡಿತ್ತು. ನಾನು ಒತ್ತಿದ್ದಕ್ಕೆ ಚಪ್ಪಟೆಯಾಯಿತು.

ಪೂರ್ತಿ ಮುಚ್ಚಿದ್ದರೆ ಅವತ್ತೇ ಗೊತ್ತಾಗುತ್ತಿತ್ತು. ಮುಕ್ಕಾಲು ಭಾಗ ಮುಚ್ಚಿ, ಸ್ವಲ್ಪ ಗಾಳಿ ಬಿಡುತ್ತಿತ್ತು. ಅದೇ ಕಾಟ. ನಿಧಾನ ಓಡಿಸಿದರೆ ಬೈಕ್ ಚೆನ್ನಾಗಿಯೇ ಇದೆ. ಹೆದ್ದಾರಿಯಲ್ಲಿ ವೇಗ ಹಿಡಿದರೆ ಸ್ವಲ್ಪ ದೂರಕ್ಕೆ ಎಳೆತ ಹೋಗಿ, ಮುಗ್ಗರಿಸಿ, ಆಫ್. ರಸ್ತೆ ಬದಿ ನಿಲ್ಲಿಸಿ, ಪ್ಲಗ್ ಬಿಚ್ಚಿ ನೋಡಿ ಹಾಕುವಷ್ಟರಲ್ಲಿ ಆ ಸಂದಿಯಿಂದ ಗಾಳಿ ಒಳಗೆ ಸೇರಿರುತ್ತದೆ. ಕಿಕ್ ಹೊಡೆದರೆ ಒಂದೇ ಏಟಿಗೆ ಸ್ಟಾರ್ಟ್!

ಬಿಸಿಯಾದಾಗ ನಿಂತು, ತಣ್ಣಗಾದಾಗ ಓಡುವ ಬೈಕ್ ನೋಡಿದರೆ ಯಾರಾದರೂ ಏನಂತಾರೆ? ಪ್ಲಗ್ಗಿಗೆ ಕರೆಂಟ್ ಕೊಡುವ ಇಗ್ನಿಷನ್ ಕಾಯಿಲ್ ಕೆಟ್ಟಿದೆ ಅಂತಾರೆ. ಮೆಕ್ಯಾನಿಕ್ ಅದನ್ನೇ ಅಂದರು, ನಾನೂ ನಂಬಿದೆ. ಕಾಯಿಲ್ ಬದಲಾಯಿತು, ಪ್ಲಗ್ ಬದಲಾಯಿತು, ಕಾರ್ಬೊರೇಟರ್ ಬಿಚ್ಚಿ ತೊಳೆದದ್ದಾಯಿತು. ಸುಮ್ನೆ ದುಡ್ಡು ದಂಡ. ಸುಳಿವು ಮಾತ್ರ ಕಣ್ಣ ಮುಂದೆಯೇ ಇತ್ತು: ಫುಲ್ ಟ್ಯಾಂಕ್ ಹಾಕಿಸಿದ ದಿನವೇ ಬೈಕ್ ಬೇಗ ನಿಲ್ಲುತ್ತಿತ್ತು. ಟ್ಯಾಂಕ್ ತುಂಬಿದ್ದಾಗ ಮೇಲೆ ಗಾಳಿಗೆ ಇರುವ ಜಾಗ ಕಡಿಮೆ. ಸ್ವಲ್ಪ ಪೆಟ್ರೋಲ್ ಇಳಿದರೂ ಒಳಗಿನ ಒತ್ತಡ ಜಾಸ್ತಿ ಕುಸಿಯುತ್ತದೆ. ಪೆಟ್ರೋಲ್ ತನ್ನ ಭಾರಕ್ಕೆ ತಾನೇ ಕೆಳಗಿಳಿಯುವ ಇಂಥ ಬೈಕಿನಲ್ಲಿ ಅಷ್ಟು ಸಾಕು, ಹರಿವು ನಿಲ್ಲುತ್ತದೆ. ಕೊನೆಗೊಮ್ಮೆ ಬೈಕ್ ನಿಂತ ತಕ್ಷಣ, ಪೆಟ್ರೋಲ್ ಇದೆಯಾ ನೋಡೋಣ ಅಂತ ಮುಚ್ಚಳ ತೆಗೆದೆ. 'ಸುಸ್ಸ್' ಅಂತ ಗಾಳಿ ಒಳಗೆಳೆದುಕೊಂಡಿತು. ಆಮೇಲೆ ಟ್ಯಾಂಕ್ ಎತ್ತಿದರೆ, ಬುಷ್ ಪಕ್ಕದಲ್ಲಿ ಪೈಪ್ ನಿಪ್ಪಟ್ಟಿನಂತೆ ಅಪ್ಪಚ್ಚಿ. ಮೇಲೆ ಫ್ರೇಮಿನ ಅಂಚಿನ ಗುರುತು ಗೀರಿದಂತೆ ಬಿದ್ದಿತ್ತು.

ಅದಕ್ಕೇ ಹೇಳೋದು, ಟ್ಯಾಂಕನ್ನು ಅರ್ಧ ಎತ್ತಿ ಹಿಡಿದು, ಟಾರ್ಚ್ ಬಿಟ್ಟು ದಾರಿ ನೋಡಿ. ಬೋಲ್ಟ್ ಬಿಗಿದ ಮೇಲೆ ಮುಚ್ಚಳ ತೆಗೆದು, ಪೈಪಿನ ತುದಿಯಲ್ಲಿ ಬಾಯಿಂದ ಮೆಲ್ಲಗೆ ಊದಿ. ತಡೆಯಿಲ್ಲದೆ ಗಾಳಿ ಹೋಗಬೇಕು. ಊದಬೇಕು ಅಷ್ಟೇ, ಎಳೆಯಬೇಡಿ, ಪೆಟ್ರೋಲ್ ಬಾಯಿಗೆ ಬರುತ್ತದೆ. ಪೈಪ್ ಮಧ್ಯೆ ಎಲ್ಲೂ ಜೋತುಬಿದ್ದು 'ಯು' ಆಕಾರ ಆಗಬಾರದು. ಅಲ್ಲಿ ನೀರೋ ಪೆಟ್ರೋಲೋ ನಿಂತರೆ ಅದೇ ಬಿರಡೆ. ಪೆಟ್ರೋಲಿಗೆಂದೇ ಮಾಡಿದ ರಬ್ಬರ್ ಪೈಪ್ ತಗೊಳ್ಳಿ, ಸಾದಾ ಪ್ಲಾಸ್ಟಿಕ್ ಪೈಪ್ ಗಟ್ಟಿಯಾಗಿ ಸೀಳುತ್ತದೆ. ತುದಿ ಎಂಜಿನ್ ಹಿಂದೆ ಕೆಳಗಿರಲಿ. ಸೈಲೆನ್ಸರ್, ಚೈನ್, ಹಿಂದಿನ ಟೈರ್ ಮೂರರಿಂದಲೂ ದೂರ ಇದ್ದರೆ ಮುಗಿಯಿತು. ಹಾಂ, ಕೆಲವು ಟ್ಯಾಂಕಿಗೆ ತಳದಲ್ಲಿ ಎರಡು ಮೂತಿ ಇರುತ್ತವೆ. ಒಂದು ವೆಂಟ್, ಇನ್ನೊಂದು ಮುಚ್ಚಳದ ಸುತ್ತ ನಿಂತ ಮಳೆನೀರು ಹೋಗಲಿಕ್ಕೆ. ಎರಡನ್ನೂ ಒಂದಕ್ಕೊಂದು ಜೋಡಿಸಬೇಡಿ.

ಇನ್ನು ವಾಸನೆಗೆ ತುದಿ ಮುಚ್ಚುವ ಮಾತು. ಬೇಡವೇ ಬೇಡ, ನನಗಾದದ್ದೇ ನಿಮಗೂ ಆಗುತ್ತದೆ. ನೀವು ಪೆಟ್ರೋಲನ್ನು ಟ್ಯಾಂಕಿನ ಕತ್ತಿನವರೆಗೆ ತುಂಬಿಸುತ್ತೀರಿ ಅಂತ ನನ್ನ ಅನುಮಾನ. 20 ಡಿಗ್ರಿ ಬಿಸಿ ಏರಿದರೆ ಪೆಟ್ರೋಲ್ ಸುಮಾರು 2% ಹಿಗ್ಗುತ್ತದೆ. 15 ಲೀಟರಿಗೆ ಲೆಕ್ಕ ಹಾಕಿ, 300 ಮಿಲಿ ಹತ್ತಿರ ಬರುತ್ತದೆ. ಬಿಸಿಲಲ್ಲಿ ನಿಲ್ಲಿಸಿದರೆ ಅಷ್ಟೂ ವೆಂಟ್ ಪೈಪಿನಿಂದಲೇ ಹೊರಗೆ ಬರಬೇಕಲ್ಲ. ತುಂಬಿಸೋದನ್ನು ಕತ್ತಿನ ತಳಕ್ಕೆ ನಿಲ್ಲಿಸಿ ನೋಡಿ. ಆಮೇಲೂ ವಾಸನೆ ಇದ್ದರೆ ಮುಚ್ಚಳದ ರಬ್ಬರ್ ವಾಷರ್ ನೋಡಿ.

ಹೊಸ ಬೈಕಾದರೆ ವೆಂಟ್ ಪೈಪ್ ಇದ್ದಿಲಿನ ಕ್ಯಾನಿಸ್ಟರಿಗೆ, ಅಂದರೆ ಪೆಟ್ರೋಲ್ ಆವಿ ಹೀರಿಕೊಳ್ಳುವ ಡಬ್ಬಿಗೆ, ಹೋಗಿರುತ್ತದೆ. ಅದನ್ನು ಕಿತ್ತು ನೆಲಕ್ಕೆ ಬಿಡಬೇಡಿ, ಇದ್ದ ಹಾಗೆಯೇ ಜೋಡಿಸಿ. ಅತಿಯಾಗಿ ತುಂಬಿಸಿದರೆ ಪೆಟ್ರೋಲ್ ಅದರೊಳಗೇ ಇಳಿದು ಇದ್ದಿಲು ಹಾಳಾಗುತ್ತದೆ.