ಸ್ಮಾರ್ಟ್ ಬೋರ್ಡ್ ಬಂದಿದೆ, ಯಾವ ಕೋರ್ಸ್ ಮಾಡಲಿ ಅಂತ ಕೇಳಿದ ಗಣಿತದ ಮೇಷ್ಟ್ರಿಗೆ

ಅರಸೀಕೆರೆ ಕಡೆ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು, ವಯಸ್ಸು 47, ಶಾಲೆಗೆ ಸ್ಮಾರ್ಟ್ ಬೋರ್ಡ್ ಬಂದಿದೆ, ಮಕ್ಕಳ ಎದುರು ಅದನ್ನು ಮುಟ್ಟೋಕೆ ಭಯ. ರಜೆಯಲ್ಲಿ ಯಾವ ಕೋರ್ಸ್ ಮಾಡಿದರೆ ಎಲ್ಲಾ ಪಾಠವನ್ನೂ ಪಿಪಿಟಿ ಮಾಡಿಟ್ಟುಕೊಳ್ಳಬಹುದು ಅಂತ ಕೇಳಿದ್ದೀರಿ. ಓದಿ ಸುಮ್ಮನಿರಲು ಆಗಲಿಲ್ಲ. ದಯವಿಟ್ಟು ಎಲ್ಲಾ ಪಾಠವನ್ನೂ ಪಿಪಿಟಿ ಮಾಡಬೇಡಿ ಸಾರ್. ಕೋರ್ಸಿನ ಮಾತು ಆಮೇಲೆ.

ನಾನು ಮೂಡಿಗೆರೆ ತಾಲ್ಲೂಕಿನ ಒಂದು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತೇನೆ. ನಮ್ಮ ಮಕ್ಕಳಲ್ಲಿ ಜಾಸ್ತಿ ಜನ ಎಸ್ಟೇಟ್ ಲೈನಿನಿಂದ, ಅಂದರೆ ಕಾಫಿ ತೋಟದ ಕೆಲಸದವರ ಸಾಲುಮನೆಗಳಿಂದ ಬರುವವರು. ಕೊರೊನಾ ಬರುವ ಮುಂಚೆ ನಮ್ಮ ಶಾಲೆಗೆ ಒಂದು ಪ್ರೊಜೆಕ್ಟರ್, ಒಂದು ಲ್ಯಾಪ್‌ಟಾಪ್ ಬಂತು. ಆಗ ನನಗೆ ಮೌಸ್ ಹಿಡಿದರೆ ಕೈ ನಡುಗುತ್ತಿತ್ತು. ಚಿಕ್ಕಮಗಳೂರಿನಲ್ಲಿ ತರಬೇತಿಗೆ ಹೋದಾಗ ನನಗಿಂತ ಚಿಕ್ಕ ವಯಸ್ಸಿನ ಒಬ್ಬ ಮೇಷ್ಟ್ರು ಪೆನ್‌ಡ್ರೈವಿನಲ್ಲಿ ಜಿಯೋಜೀಬ್ರಾ ಹಾಕಿಕೊಟ್ಟರು. ಆಸ್ಟ್ರಿಯಾದ ಮಾರ್ಕಸ್ ಹೋಹೆನ್‌ವಾರ್ಟರ್ ಅನ್ನುವವರು 2001ರಲ್ಲಿ ಸಾಲ್ಜ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ ಓದುವಾಗ ಶುರು ಮಾಡಿದ, ರೇಖಾಗಣಿತದ ಚಿತ್ರ, ನಕ್ಷೆ ಎಳೆಯುವ ತಂತ್ರಾಂಶ ಅದು. ದುಡ್ಡು ಕೊಡಬೇಕಾಗಿಲ್ಲ. ಒಮ್ಮೆ ಹಾಕಿಕೊಂಡರೆ ಇಂಟರ್‌ನೆಟ್ ಇಲ್ಲದೆಯೂ ನಡೆಯುತ್ತದೆ. ಜುಲೈನಲ್ಲಿ ಗಾಳಿಮಳೆಗೆ ಮರ ಬಿದ್ದು ಕರೆಂಟು, ನೆಟ್‌ವರ್ಕ್ ಎರಡೂ ಹೋಗುವ ನಮ್ಮ ಊರಿಗೆ ಇದೇ ದೊಡ್ಡ ವಿಷಯ. ಕರೆಂಟು ಹೋದರೆ ಪ್ರೊಜೆಕ್ಟರ್ ನಿಲ್ಲುತ್ತದೆ ನಿಜ. ಆದರೆ ಲ್ಯಾಪ್‌ಟಾಪ್ ಬ್ಯಾಟರಿ ಇರುವಷ್ಟು ಹೊತ್ತು ಐದೈದು ಮಕ್ಕಳನ್ನು ಸುತ್ತ ಕೂರಿಸಿಕೊಂಡು ತೋರಿಸಬಹುದು.

ರಾತ್ರಿ ಅಡುಗೆ ಕೆಲಸ ಮುಗಿಸಿ ಕಲಿತೆ. ಬಿಂದು ಇಡುವುದು, ವೃತ್ತ ಎಳೆಯುವುದು, ಕೋನ ಅಳೆಯುವುದು. ಕೈಗೆ ಹತ್ತಿದ ಮೇಲೆ ಬಿಡಲಿಲ್ಲ. ಆ ವರ್ಷ ಹತ್ತನೇ ತರಗತಿಯ ರೇಖಾಗಣಿತವನ್ನೆಲ್ಲ ಅದರಲ್ಲೇ ಮಾಡಿಟ್ಟೆ. ಬೀಜಗಣಿತ ಪಿಪಿಟಿಯಲ್ಲಿ. ಅಂದರೆ ನೀವು ಈಗ ಮಾಡಬೇಕು ಅಂದುಕೊಂಡಿರುವುದನ್ನೇ ಮಾಡಿದೆ. ನೋಡಲು ಬಂದವರೆಲ್ಲ ಹೊಗಳಿದರು.

ಈಗ ಅದರಲ್ಲಿ ಒಂದು ಪಾಠದ ಕಥೆ ಹೇಳುತ್ತೇನೆ. ಸ್ವಲ್ಪ ಉದ್ದ ಆಗುತ್ತದೆ, ಆದರೆ ನೀವೂ ಗಣಿತದವರು, ಗೊತ್ತಾಗುತ್ತದೆ.

ವೃತ್ತದ ಹೊರಗಿನ ಬಿಂದುವಿನಿಂದ ಎರಡು ಸ್ಪರ್ಶಕ, ಅಂದರೆ ವೃತ್ತವನ್ನು ಒಂದೇ ಬಿಂದುವಿನಲ್ಲಿ ಮುಟ್ಟುವ ಗೆರೆ, ಎಳೆಯುವ ರಚನೆ. 6 ಸೆಂ.ಮೀ. ತ್ರಿಜ್ಯ, ಕೇಂದ್ರ ಓ, ಅಲ್ಲಿಂದ 10 ಸೆಂ.ಮೀ. ದೂರದಲ್ಲಿ ಬಿಂದು ಪಿ. ಕೈಯಲ್ಲಿ ಮಾಡುವುದು ಹೇಗೆ ಅಂತ ನಿಮಗೆ ಹೇಳಬೇಕಾಗಿಲ್ಲ. ಓಪಿ ಸೇರಿಸಬೇಕು. ಎರಡೂ ತುದಿಯಿಂದ ಕಂಸ ಹಾಕಿ ಲಂಬಾರ್ಧಕ ಎಳೆಯಬೇಕು. ಮಧ್ಯಬಿಂದು ಎಂ ಸಿಗುತ್ತದೆ. ಎಂ ಕೇಂದ್ರವಾಗಿಟ್ಟು ಎಂಓ ತ್ರಿಜ್ಯದಲ್ಲಿ ಇನ್ನೊಂದು ವೃತ್ತ. ಅದು ಮೊದಲನೇ ವೃತ್ತವನ್ನು ಕತ್ತರಿಸುವ ಜಾಗವೇ ಸ್ಪರ್ಶಬಿಂದು. ಅರ್ಧವೃತ್ತದೊಳಗಿನ ಕೋನ 90 ಡಿಗ್ರಿ, ಹಾಗಾಗಿ ಅಲ್ಲಿ ತ್ರಿಜ್ಯಕ್ಕೆ ಪಿಯಿಂದ ಬಂದ ಗೆರೆ ಲಂಬ, ಹಾಗಾಗಿ ಅದು ಸ್ಪರ್ಶಕ. ಪಾಠದ ಜೀವ ಇರುವುದೇ ಈ ಎರಡನೇ ವೃತ್ತದಲ್ಲಿ.

ಜಿಯೋಜೀಬ್ರಾದಲ್ಲಿ ಸ್ಪರ್ಶಕಕ್ಕೆ ಒಂದು ಬಟನ್ ಇದೆ. ಅದನ್ನು ಒತ್ತಿ, ಪಿ ಬಿಂದು ಮುಟ್ಟಿ, ವೃತ್ತ ಮುಟ್ಟಿದರೆ ಎರಡು ಸ್ಪರ್ಶಕಗಳೂ ಬಂದುಬಿಡುತ್ತವೆ. ಲಂಬಾರ್ಧಕ ಇಲ್ಲ, ಎಂ ಇಲ್ಲ, ಎರಡನೇ ವೃತ್ತ ಇಲ್ಲ. ನಾನು ತೋರಿಸಿದ್ದು ಅದನ್ನೇ. ಪಿಯನ್ನು ಎಳೆದಾಡಿದೆ, ಸ್ಪರ್ಶಕಗಳು ಜೊತೆಗೇ ಓಡಾಡಿದವು, ಎರಡರ ಉದ್ದವೂ ಒಂದೇ ಅಂತ ಪರದೆ ಮೇಲೆ ಸಂಖ್ಯೆ ಬಂತು, 8 ಸೆಂ.ಮೀ. ಮಕ್ಕಳ ಕಣ್ಣು ಅರಳಿತು. "ಅರ್ಥ ಆಯ್ತಾ?" ಅಂದೆ. "ಆಯ್ತು ಮಿಸ್" ಅಂದರು. ರಚನೆಯ ಹೆಜ್ಜೆಗಳನ್ನು ಮುಂದಿನ ಸ್ಲೈಡಿನಲ್ಲಿ ಬರೆದಿಟ್ಟಿದ್ದೆ, ಓದಿ ಮುಂದೆ ಹೋದೆ. ಎರಡು ಪೀರಿಯಡ್ ಹಿಡಿಯುವ ಪಾಠ ಅರ್ಧ ಪೀರಿಯಡ್‌ನಲ್ಲಿ ಮುಗಿಯಿತು. ಆವತ್ತು ನನಗೆ ಬಹಳ ಸಂತೋಷ ಆಗಿತ್ತು.

ಇನ್ನೊಂದು ವಿಷಯ ಆಗ ನನ್ನ ಗಮನಕ್ಕೇ ಬರಲಿಲ್ಲ. ಪ್ರೊಜೆಕ್ಟರಿನ ಬೆಳಕು ಸಾಲದು ಅಂತ ನಾನು ಕಿಟಕಿಗಳನ್ನೆಲ್ಲ ಮುಚ್ಚಿಸುತ್ತಿದ್ದೆ. ಕತ್ತಲೆಯಲ್ಲಿ ಪರದೆ ಚೆನ್ನಾಗಿ ಕಾಣುತ್ತಿತ್ತು, ಮಕ್ಕಳಿಗೆ ತಮ್ಮ ನೋಟ್‌ಬುಕ್ ಕಾಣುತ್ತಿರಲಿಲ್ಲ. ತಿಂಗಳುಗಟ್ಟಲೆ ನನ್ನ ತರಗತಿಯಲ್ಲಿ ಮಕ್ಕಳು ಪೆನ್ನು ಕೆಳಗಿಟ್ಟು ನೋಡುತ್ತಾ ಕೂತಿದ್ದರು. ಕೈವಾರ ಜಾಮಿಟ್ರಿ ಬಾಕ್ಸಿನಿಂದ ಹೊರಗೇ ಬರುತ್ತಿರಲಿಲ್ಲ. ನಾನು ಪರದೆ ನೋಡಿ ಪಾಠ ಮಾಡಿದೆ, ಅವರ ಕೈ ನೋಡಲಿಲ್ಲ. ಹಿಂದೆಲ್ಲ ಬೋರ್ಡಿನ ಮೇಲೆ ದೊಡ್ಡ ಕೈವಾರ ಹಿಡಿದು ವೃತ್ತ ಎಳೆಯುವಾಗ ಸೀಮೆಸುಣ್ಣ ಜಾರುತ್ತಿತ್ತು, ಅಳಿಸಿ ಮತ್ತೆ ಎಳೆಯುತ್ತಿದ್ದೆ. ಆ ನಿಧಾನದಲ್ಲಿ ಮಕ್ಕಳೂ ಜೊತೆಯಲ್ಲಿ ಎಳೆದು ಮುಗಿಸುತ್ತಿದ್ದರು ಅನ್ನುವುದು ನನಗೆ ಆಗ ಹೊಳೆಯಲಿಲ್ಲ.

ಪೂರ್ವಸಿದ್ಧತಾ ಪರೀಕ್ಷೆ ಬಂತು. ಉತ್ತರ ಪತ್ರಿಕೆ ತಿದ್ದಲು ಕೂತೆ. ವೃತ್ತ ಇದೆ, ಪಿ ಇದೆ, ಎರಡು ಸ್ಪರ್ಶಕಗಳೂ ಇವೆ. ಆದರೆ ಒಂದಾದ ಮೇಲೊಂದು ಪತ್ರಿಕೆಯಲ್ಲಿ ಕಂಸದ ಗುರುತೇ ಇಲ್ಲ. ಸ್ಕೇಲನ್ನು ಪಿ ಹತ್ತಿರ ಇಟ್ಟು, ಕಣ್ಣಳತೆಯಲ್ಲಿ ವೃತ್ತಕ್ಕೆ ತಾಗಿಸಿ ಗೆರೆ ಎಳೆದಿದ್ದಾರೆ. ನಾನು ತೋರಿಸಿದ ಚಿತ್ರ ಅವರಿಗೆ ಚೆನ್ನಾಗಿ ನೆನಪಿತ್ತು, ಅದನ್ನೇ ಬರೆದಿದ್ದರು. ರಚನೆಗೆ ಅಂಕ ಬರುವುದು ಹೆಜ್ಜೆಗೆ, ಚಿತ್ರಕ್ಕಲ್ಲ. ಒಬ್ಬ ಹುಡುಗಿಯ ಸ್ಪರ್ಶಕದ ಉದ್ದ ಅಳೆದು ನೋಡಿದೆ, ಒಂದು 8 ಸೆಂ.ಮೀ., ಇನ್ನೊಂದು 7.6. ಪಕ್ಕದಲ್ಲೇ "ಎರಡೂ ಸಮ" ಅಂತ ಬರೆದಿದ್ದಳು.

ಆಮೇಲೆ ಆಗಿದ್ದು ಇನ್ನೂ ಕಷ್ಟ. ಸಂಜೆ ವಿಶೇಷ ತರಗತಿ ಇಟ್ಟೆ. ಆದರೆ ಎಸ್ಟೇಟಿನ ಕಡೆ ಹೋಗುವ ಬಸ್ಸು ಶಾಲೆ ಬಿಟ್ಟ ಹೊತ್ತಿಗೆ ಒಂದೇ. ಅದು ತಪ್ಪಿದರೆ ಕಾಡಿನ ದಾರಿ ನಡೆಯಬೇಕು, ಆನೆ ಓಡಾಡುವ ಜಾಗ. ಫೆಬ್ರವರಿ ಅಂದರೆ ರೊಬಸ್ಟಾ ಕುಯ್ಲು ಬೇರೆ. ಅಪ್ಪ ಅಮ್ಮ ಇಬ್ಬರೂ ತೋಟದಲ್ಲಿ, ಮನೆಯಲ್ಲಿ ತಮ್ಮ ತಂಗಿಯರನ್ನು ನೋಡಿಕೊಳ್ಳಬೇಕಾದವರು ಈ ಮಕ್ಕಳೇ. ಯಾರಿಗೆ ತರಗತಿ ಬೇಕಿತ್ತೋ ಅವರೇ ನಿಲ್ಲುವ ಹಾಗಿರಲಿಲ್ಲ. ಮೂಡಿಗೆರೆ ಪೇಟೆಯಲ್ಲಿ ಮನೆ ಇದ್ದವರು ನಿಂತು ಕಲಿತರು. ಉಳಿದವರಿಗೆ ಊಟದ ಬಿಡುವಿನಲ್ಲಿ ಒಬ್ಬೊಬ್ಬರ ಪಕ್ಕ ಕೂತು ಕೈವಾರ ಹಿಡಿಸಿದೆ. ಸ್ವಲ್ಪ ಮಕ್ಕಳು ದಾಟಿದರು, ಸ್ವಲ್ಪ ಮಕ್ಕಳಿಗೆ ಗಣಿತದಲ್ಲಿ ಬರಬೇಕಾದಷ್ಟು ಬರಲಿಲ್ಲ. ಅವರಲ್ಲಿ ಸೈನ್ಸ್ ತಗೋಬೇಕು ಅಂತಿದ್ದವರೂ ಇದ್ದರು. ಅದನ್ನು ಈಗಲೂ ಮರೆತಿಲ್ಲ.

ಇದನ್ನು ಓದಿ "ಹಾಗಾದರೆ ಸ್ಮಾರ್ಟ್ ಬೋರ್ಡೇ ಬೇಡ, ಸೀಮೆಸುಣ್ಣವೇ ಸರಿ" ಅಂದುಕೊಳ್ಳಬೇಡಿ. ನಾನು ಮುಂದಿನ ವರ್ಷವೂ ಜಿಯೋಜೀಬ್ರಾ ಬಳಸಿದೆ, ಈಗಲೂ ಬಳಸುತ್ತೇನೆ. ಸರದಿ ಬದಲಾಯಿತು, ಅಷ್ಟೇ. ಮೊದಲು ಕೈವಾರ. ಎಲ್ಲರ ನೋಟ್‌ಬುಕ್ಕಿನಲ್ಲೂ ಎರಡನೇ ವೃತ್ತ ಬಂದ ಮೇಲೆಯೇ ಪ್ರೊಜೆಕ್ಟರ್ ಹಾಕುತ್ತೇನೆ. ಪರದೆ ಮೇಲೂ ಸ್ಪರ್ಶಕದ ಬಟನ್ ಮುಟ್ಟುವುದಿಲ್ಲ. ಮಧ್ಯಬಿಂದು, ಎರಡನೇ ವೃತ್ತ, ಛೇದಿಸುವ ಬಿಂದು, ಹೀಗೆ ಅವರು ಕೈಯಲ್ಲಿ ಮಾಡಿದ್ದನ್ನೇ ಅಲ್ಲೂ ಮಾಡುತ್ತೇನೆ. ಆಮೇಲೆ ಮೌಸನ್ನು ಮಕ್ಕಳ ಕೈಗೆ ಕೊಡುತ್ತೇನೆ.

ಹಾಗೆ ಕೊಟ್ಟ ಮೊದಲನೇ ಸಲ ಹಿಂದಿನ ಬೆಂಚಿನ ಒಬ್ಬಳು ಪಿಯನ್ನು ಎಳೆದು ಎಳೆದು ವೃತ್ತದ ಒಳಗೇ ತಂದುಬಿಟ್ಟಳು. ಸ್ಪರ್ಶಕ ಎರಡೂ ಮಾಯ. ಏನೋ ಕೆಡಿಸಿಬಿಟ್ಟೆ ಅಂತ ಹೆದರಿದಳು. ಪಕ್ಕದಲ್ಲಿದ್ದವಳು ಹತ್ತಿರ ಬಂದು ನೋಡಿ, "ಕೆಟ್ಟಿಲ್ಲ ಕಣೇ, ಚಿಕ್ಕ ವೃತ್ತ ಪೂರ್ತಿ ಒಳಗೇ ಕೂತುಬಿಟ್ಟಿದೆ, ದೊಡ್ಡದಕ್ಕೆ ತಾಗ್ತಾನೇ ಇಲ್ಲ" ಅಂದಳು. ಒಳಗಿನ ಬಿಂದುವಿನಿಂದ ಸ್ಪರ್ಶಕ ಯಾಕೆ ಇಲ್ಲ ಅನ್ನುವುದನ್ನು ನಾನು ಇಷ್ಟು ಚೆನ್ನಾಗಿ ಯಾವತ್ತೂ ಹೇಳಿರಲಿಲ್ಲ. ಕೈಯಲ್ಲಿ ಆ ಎರಡನೇ ವೃತ್ತ ಎಳೆದಿದ್ದರಿಂದ ಅವಳಿಗೆ ಅದು ಕಂಡಿತು. ಹಿಂದಿನ ವರ್ಷದ ಮಕ್ಕಳ ಮುಂದೆಯೂ ಪಿ ಒಳಗೆ ಬಂದಿದ್ದರೆ ಗೆರೆಗಳು ಮಾಯವಾಗುವುದು ಮಾತ್ರ ಕಾಣುತ್ತಿತ್ತು.

ಈಗ ನಿಮ್ಮ ಕೋರ್ಸಿನ ವಿಷಯ. ನನ್ನ ಅಭಿಪ್ರಾಯ, ಬೇಡ. ದುಡ್ಡು ಕೊಟ್ಟು ಮಾಡುವ ಕೋರ್ಸಿನಲ್ಲಿ ಹತ್ತಾರು ಆ್ಯಪ್ ತೋರಿಸುತ್ತಾರೆ, ಸರ್ಟಿಫಿಕೇಟ್ ಕೊಡುತ್ತಾರೆ. ಜೂನ್‌ನಲ್ಲಿ ತರಗತಿಗೆ ಹೋಗುವಷ್ಟರಲ್ಲಿ ಮರೆತಿರುತ್ತೀರಿ. ಬದಲಿಗೆ ಕಪ್ಪು ಬೋರ್ಡಿನ ಮೇಲೆ ಹೇಳಲು ನೀವು ಪ್ರತಿ ವರ್ಷ ಕಷ್ಟಪಡುವ ಒಂದೇ ಒಂದು ಪಾಠ ಆರಿಸಿಕೊಳ್ಳಿ. ಏನೋ ಒಂದು ಚಲಿಸಬೇಕು, ಬದಲಾಗಬೇಕು, ಸೀಮೆಸುಣ್ಣದಲ್ಲಿ ಅದು ಆಗಲ್ಲ, ಅಂಥ ಪಾಠ. ವರ್ಗ ಸಮೀಕರಣವನ್ನೇ ತಗೊಳ್ಳಿ. ವೈ ಸಮ ಎಕ್ಸ್ ವರ್ಗ ಮೈನಸ್ 4 ಎಕ್ಸ್ ಪ್ಲಸ್ ಸಿ. ಇದರ ನಕ್ಷೆಯನ್ನು ಗ್ರಾಫ್ ಹಾಳೆಯಲ್ಲಿ ಮಕ್ಕಳು ಒಂದು ಸಲ ಕೈಯಲ್ಲಿ ಬರೆಯಲಿ, ಸಿ ಬದಲು 3 ಇಟ್ಟು. ಎಕ್ಸ್ ಅಕ್ಷವನ್ನು 1 ಮತ್ತು 3ರಲ್ಲಿ ಕತ್ತರಿಸುತ್ತದೆ. ಅದಕ್ಕೇ ಒಂದು ಪೀರಿಯಡ್ ಬೇಕು, ಕೊಡಿ. ಮಾರನೇ ದಿನ ಜಿಯೋಜೀಬ್ರಾದಲ್ಲಿ ಆ ಸಮೀಕರಣವನ್ನು ಸಿ ಅಂತಲೇ ಇಟ್ಟು ಟೈಪ್ ಮಾಡಿದರೆ ಸಿಗೆ ಒಂದು ಸ್ಲೈಡರ್, ಅಂದರೆ ಎಳೆದು ಬೆಲೆ ಬದಲಿಸುವ ಗುಂಡಿ, ಸಿಗುತ್ತದೆ. 4ಕ್ಕೆ ತಂದರೆ ನಕ್ಷೆ 2ರ ಹತ್ತಿರ ಅಕ್ಷವನ್ನು ಸುಮ್ನೆ ಮುಟ್ಟಿ ನಿಲ್ಲುತ್ತದೆ. 5ಕ್ಕೆ ತಂದರೆ ಮೇಲೆದ್ದು ಹೋಗುತ್ತದೆ, ಅಕ್ಷವನ್ನು ಮುಟ್ಟುವುದೇ ಇಲ್ಲ. ಆಗ ಬಿ ವರ್ಗ ಮೈನಸ್ 4 ಎಸಿ ಲೆಕ್ಕ ಹಾಕಲು ಹೇಳಿ. ಸಿ 3, 4, 5 ಆದಾಗ ಕ್ರಮವಾಗಿ 4, ಸೊನ್ನೆ, ಮೈನಸ್ 4. ಮೂಲಗಳ ಸ್ವಭಾವ ಅಂತ ಬಾಯಿಪಾಠ ಮಾಡಿಸುತ್ತೀವಲ್ಲ, ಅದು ಅವರ ಕಣ್ಣೆದುರೇ ನಡೆಯುತ್ತದೆ.

ಈ ಒಂದು ಪಾಠಕ್ಕೆ ಬೇಕಾದಷ್ಟನ್ನು ಮಾತ್ರ ಕಲಿಯಿರಿ. ಒಂದು ವರ್ಷ ಒಂದೇ ತಂತ್ರಾಂಶ ಸಾಕು. ನಿಮ್ಮ ಶಾಲೆಯ ವಿಜ್ಞಾನದವರಿಗೆ ಫೆಟ್ (PhET) ಬಗ್ಗೆ ಹೇಳಿ, ಪರದೆ ಮೇಲೆ ಪ್ರಯೋಗ ಮಾಡಿ ನೋಡುವ ತಂತ್ರಾಂಶ ಅದು, ನೊಬೆಲ್ ಬಂದ ಭೌತವಿಜ್ಞಾನಿ ಕಾರ್ಲ್ ವೀಮನ್ 2002ರಲ್ಲಿ ಕೊಲರಾಡೋದಲ್ಲಿ ಶುರು ಮಾಡಿದ್ದು. ಅದರಲ್ಲಿ ವಿದ್ಯುತ್ ಮಂಡಲ ಜೋಡಿಸಿ ನೋಡಬಹುದು, ಫೈಲ್ ಇಳಿಸಿಕೊಂಡರೆ ನೆಟ್ ಇಲ್ಲದೆ ಬ್ರೌಸರಿನಲ್ಲೇ ತೆರೆಯುತ್ತದೆ, ಕನ್ನಡದಲ್ಲೂ ಸುಮಾರು ಇವೆ. ಪಠ್ಯಪುಸ್ತಕದ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ ಬರುವ, ಸರ್ಕಾರದ ಕಲಿಕಾ ತಾಣ ದೀಕ್ಷಾದ ವಿಡಿಯೋಗಳೂ ಇವೆ. ಅವನ್ನು ಮನೆಯಲ್ಲಿ ಪೂರ್ತಿ ನೋಡಿ, ಬೇಕಾದ ತುಣುಕು ಮಾತ್ರ ತರಗತಿಯಲ್ಲಿ ಹಾಕಿ. ವಿಡಿಯೋ ಹಾಕಿ ಪಕ್ಕದಲ್ಲಿ ನಿಲ್ಲುವುದನ್ನು ನಾನು ಪಾಠ ಅಂತ ಒಪ್ಪಲ್ಲ.

ಕನ್ನಡ ಟೈಪ್ ಮಾಡುವ ಹಳೇ 'ನುಡಿ' ತಂತ್ರಾಂಶದಲ್ಲಿ ಮಾಡಿಟ್ಟ ಪ್ರಶ್ನೆಪತ್ರಿಕೆಗಳು ಸ್ಮಾರ್ಟ್ ಬೋರ್ಡಿನಲ್ಲಿ ಅರ್ಥವಿಲ್ಲದ ಗುರುತುಗಳಾಗಿ ಕಾಣಬಹುದು. ನೀವು ಏನೂ ಕೆಡಿಸಿಲ್ಲ. ಆ ಕಾಲದ ಫಾಂಟ್ ಯೂನಿಕೋಡ್ (ಎಲ್ಲಾ ಕಂಪ್ಯೂಟರಿಗೂ ಒಂದೇ ಆದ ಅಕ್ಷರ ಸಂಕೇತ) ಅಲ್ಲ, ಆ ಫಾಂಟ್ ಇಲ್ಲದ ಕಡೆ ಅಕ್ಷರ ಮೂಡುವುದಿಲ್ಲ. ಯೂನಿಕೋಡಿಗೆ ಬದಲಿಸುವ ಪರಿವರ್ತಕ ಉಚಿತವಾಗಿ ಸಿಗುತ್ತದೆ, ಬಳಸಿ. ಇನ್ನು ಮುಂದೆ ಟೈಪ್ ಮಾಡುವುದೆಲ್ಲ ಯೂನಿಕೋಡಿನಲ್ಲೇ ಇರಲಿ. ಪ್ರೊಜೆಕ್ಟರ್ ಬಳಸುವವರು ಇದನ್ನು ಓದುತ್ತಿದ್ದರೆ, ಅದನ್ನು ಗೋಡೆಗೆ ಹತ್ತಿರ ತನ್ನಿ. ಚಿತ್ರ ಚಿಕ್ಕದಾಗುತ್ತದೆ, ಆದರೆ ಬೆಳಕು ಗಟ್ಟಿಯಾಗುತ್ತದೆ, ಕಿಟಕಿ ಮುಚ್ಚಬೇಕಾಗಿಲ್ಲ.

ಮಕ್ಕಳೇ ನನಗಿಂತ ಬುದ್ಧಿವಂತರು, ಅವರ ಎದುರು ತಪ್ಪಿದರೆ ಹೇಗೆ ಅಂತ ಬರೆದಿದ್ದೀರಿ. ಫೋನು, ಕೇಬಲ್ಲು ಅವರಿಗೆ ಚೆನ್ನಾಗಿ ಗೊತ್ತು, ನಿಜ. ಜೋಡಿಸುವ ಕೆಲಸ ಅವರಿಗೇ ಕೊಡಿ, ಖುಷಿಯಿಂದ ಮಾಡುತ್ತಾರೆ. ಆದರೆ ಸಿ ಬೆಲೆ 4 ದಾಟಿದಾಗ ಏನಾಗುತ್ತದೆ ಅಂತ ಯಾವಾಗ ಕೇಳಬೇಕು, ಕೇಳಿ ಎಷ್ಟು ಹೊತ್ತು ಸುಮ್ಮನಿರಬೇಕು ಅನ್ನುವುದು ಇಷ್ಟು ವರ್ಷ ಪಾಠ ಮಾಡಿದ ನಿಮಗೆ ಗೊತ್ತು. ಅದನ್ನು ಯಾವ ಕೋರ್ಸಿನಲ್ಲೂ ಹೇಳಿಕೊಡಲ್ಲ.

ನನ್ನ ಫೈಲುಗಳನ್ನು ಕಳಿಸಿ ಅಂತ ಕೇಳಿದರೆ ಕಳಿಸಲ್ಲ, ಬೇಜಾರು ಮಾಡಿಕೊಳ್ಳಬೇಡಿ. ಆ ವರ್ಗ ಸಮೀಕರಣದ ಸ್ಲೈಡರನ್ನು ಈ ರಜೆಯಲ್ಲಿ ನೀವೇ ಮಾಡಿ. ಎಲ್ಲಿ ಸಿಕ್ಕಿಹಾಕಿಕೊಂಡಿರಿ ಅಂತ ಈ ಉತ್ತರದ ಕೆಳಗೆ ಬರೆಯಿರಿ. ಶಾಲೆ ಮುಗಿಸಿ ಮನೆಗೆ ಬಂದ ಮೇಲೆ ನೋಡುತ್ತೇನೆ, ಆ ಹೆಜ್ಜೆ ಹೇಳಿಕೊಡುತ್ತೇನೆ.