ಅಜ್ಜಿಯ ಡಬ್ಬಿಯ ಜೋಳ ಮೊಳೆಯುತ್ತಾ?

ಪ್ರಶ್ನೆ: ನಮ್ಮ ಅಜ್ಜಿ ವಿಜಯಪುರದ ಕಡೆಯವರು. ಅವರು ಬಿತ್ತನೆಗೆಂದು ತೆಗೆದಿಟ್ಟ ಜೋಳ, ಹೀರೇಕಾಯಿ ಬೀಜ ಮೊನ್ನೆ ಅಟ್ಟ ಸ್ವಚ್ಛ ಮಾಡುವಾಗ ಡಬ್ಬಿಯೊಂದರಲ್ಲಿ ಸಿಕ್ಕವು. 30 ವರ್ಷವಾದರೂ ಆಗಿದೆ. 2,000 ವರ್ಷದ ಖರ್ಜೂರದ ಬೀಜವೇ ಮೊಳೆತಿದೆಯಂತಲ್ಲ, ನಮ್ಮದೂ ಬಂದೀತಾ?
– ಓದುಗರು, ಚಿಂಚವಾಡ, ಪುಣೆ

ಉತ್ತರ: ಕಷ್ಟ. ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ನಿಮಗೆ ಬೇಜಾರಾಗಬಾರದು ನೋಡಿ.

ಖರ್ಜೂರದ ಸುದ್ದಿ ಮಾತ್ರ ನಿಜ. ಇಸ್ರೇಲಿನ ಮಸಾಡಾ ಕೋಟೆಯಲ್ಲಿ 1960ರ ದಶಕದಲ್ಲಿ ಅಗೆದಾಗ ಸಿಕ್ಕ ಬೀಜಗಳು ನಲವತ್ತು ವರ್ಷ ಸುಮ್ನೆ ಬಿದ್ದಿದ್ದವು. ಸಾರಾ ಸಾಲನ್ ಎಂಬ ವೈದ್ಯೆ ಬೆನ್ನು ಹತ್ತಿ ಅವುಗಳಲ್ಲಿ ಕೆಲವನ್ನು ಪಡೆದರು, 2005ರಲ್ಲಿ ಎಲೇನ್ ಸೊಲೊವೆ ಎಂಬ ಕೃಷಿ ತಜ್ಞೆ ಮೂರು ಬೀಜ ನೆನೆಸಿ, ಹಾರ್ಮೋನ್ ಕೊಟ್ಟು ನೆಟ್ಟರು. ಒಂದು ಮೊಳೆಯಿತು. ಬೈಬಲಿನಲ್ಲಿ 969 ವರ್ಷ ಬದುಕಿದ ಅಜ್ಜನ ಹೆಸರನ್ನೇ ಅದಕ್ಕೆ ಇಟ್ಟರು, ಮೆಥುಸೆಲಾ ಅಂತ. ಬೆಳೆದ ಮೇಲೆ ನೋಡಿದರೆ ಗಂಡು ಮರ! ಖರ್ಜೂರದಲ್ಲಿ ಗಂಡು ಹೆಣ್ಣು ಬೇರೆ ಬೇರೆ ಅಲ್ವಾ, ಹಣ್ಣು ಎಲ್ಲಿಂದ ಬರಬೇಕು? ಆಮೇಲೆ ಇನ್ನಷ್ಟು ಹಳೆಯ ಬೀಜಗಳು ಮೊಳೆತವು, ಅವುಗಳಲ್ಲಿ ಹನ್ನಾ ಎಂಬ ಹೆಣ್ಣು ಮರ 2020ರಲ್ಲಿ ಹಣ್ಣು ಬಿಟ್ಟಿತು.

ನನಗೆ ಹಣ್ಣಿಗಿಂತ ಜಾಸ್ತಿ ಹಿಡಿಸಿದ್ದು ಆ ಮರಗಳ ವಂಶವಾಹಿ ನೋಡಿದಾಗ ಗೊತ್ತಾದ ಸಂಗತಿ. ಈ ಬೀಜಗಳೆಲ್ಲ ಒಂದೇ ಕಾಲದವಲ್ಲ, ನಾಲ್ಕೈದು ಶತಮಾನದ ಅಂತರವಿದೆ. ಹಳೆಯವು ಹೆಚ್ಚಾಗಿ ಪೂರ್ವದ, ಅಂದರೆ ಅರೇಬಿಯಾ, ಇರಾಕ್ ಕಡೆಯ ತಳಿ. ರೋಮನ್ನರ ಕಾಲಕ್ಕೆ ಬರುವಷ್ಟರಲ್ಲಿ ಪಶ್ಚಿಮದ, ಅಂದರೆ ಉತ್ತರ ಆಫ್ರಿಕಾ ಕಡೆಯ ತಳಿಗಳ ಬೆರಕೆ ಹೆಚ್ಚಿದೆ. ರಾಜ್ಯ ಕೈ ಬದಲಾದಂತೆ ತೋಟದ ಗಿಡವೂ ಬದಲಾಗಿದೆ.

ಇನ್ನು ನಿಮ್ಮ ಡಬ್ಬಿ. ಮಸಾಡಾ ಮರುಭೂಮಿ, ಅಲ್ಲಿ ಮಳೆಯೇ ಅಪರೂಪ. ಬೀಜದ ಶತ್ರು ವಯಸ್ಸಲ್ಲ, ತೇವ. ಒಳಗಿನ ತೇವ ಶೇಕಡಾ 1ರಷ್ಟು ಇಳಿದರೆ ಆಯುಸ್ಸು ಹೆಚ್ಚೂಕಮ್ಮಿ ಎರಡು ಪಟ್ಟು ಅನ್ನುವುದು ಬೀಜದವರ ಲೆಕ್ಕ. ನಮ್ಮ ಪುಣೆಯಲ್ಲಿ ಆಷಾಢ ಬಂತೆಂದರೆ ಉಪ್ಪೇ ನೀರಾಗುತ್ತದೆ! ಊರಿಂದ ತಂದ ಅವರೆ ಬೀಜವನ್ನು ನಾನು ಎರಡೇ ಮಳೆಗಾಲದಲ್ಲಿ ಹುಳಕ್ಕೆ ಊಟ ಹಾಕಿದ್ದೇನೆ. ಈಜಿಪ್ಟಿನ ಗೋರಿಯ ಗೋಧಿ ಮೊಳೆಯಿತು ಅಂತ ಮೊಬೈಲಿನಲ್ಲಿ ಬಂದರೆ ನಂಬಬೇಡಿ, ಅದು ನೂರಾರು ವರ್ಷದ ಹಳೇ ಬುರುಡೆ.

ಮೊಳೆಯದಿದ್ದರೂ ಬೀಜ ಮೂಕವಲ್ಲ. ನಿಮ್ಮ ಪುಣೆ ಜಿಲ್ಲೆಯಲ್ಲೇ ಶಿರೂರು ತಾಲೂಕಿನ ಇನಾಮಗಾಂವ್ ಇದೆ. ಡೆಕ್ಕನ್ ಕಾಲೇಜಿನವರು 1968ರಿಂದ 1983ರವರೆಗೆ ಅಲ್ಲಿ ಅಗೆದಾಗ ಮೂರು ಸಾವಿರ ವರ್ಷದ ಹಿಂದಿನ ಜವೆಗೋಧಿಯ ಕಾಳು ಸಿಕ್ಕವು. ಸುಟ್ಟು ಕರಕಲಾಗಿದ್ದಕ್ಕೇ ಕೊಳೆಯದೆ ಉಳಿದಿವೆ. ಊರಿನ ಕೊನೆಯ ಕಾಲದಲ್ಲಿ ಬೇಸಾಯ ಸೊರಗಿದ್ದೂ, ಚೌಕದ ದೊಡ್ಡ ಮನೆಗಳ ಜಾಗದಲ್ಲಿ ಸಣ್ಣ ದುಂಡು ಗುಡಿಸಲು ಬಂದದ್ದೂ ಅಲ್ಲಿ ಕಾಣುತ್ತದೆ. ಮಳೆ ಕೈಕೊಟ್ಟಿರಬೇಕು ಅನ್ನುತ್ತಾರೆ.

ಆದರೂ ಆಸೆ ಇದ್ದರೆ ಹೀಗೆ ಮಾಡಿ. ಹತ್ತತ್ತು ಕಾಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಬೆಚ್ಚಗಿಡಿ, ಬಟ್ಟೆ ಒಣಗದಂತೆ ನೋಡಿಕೊಳ್ಳಿ, ಹತ್ತು ದಿನ ಕಾಯಿರಿ. ಒಂದು ಮೊಳೆತರೂ ತೆನೆ ಬರುವವರೆಗೆ ಸಾಕಿ, ಹೊಸ ಕಾಳನ್ನು ಚೆನ್ನಾಗಿ ಒಣಗಿಸಿ ಬಾಟಲಿಯಲ್ಲಿ ಹಾಕಿ ಫ್ರಿಜ್ಜಿನಲ್ಲಿಡಿ. ಉಳಿದ ಹಳೇ ಜೋಳವನ್ನು ರೊಟ್ಟಿಗೆ ಬೀಸಿಸಬೇಡಿ ಮತ್ತೆ, ಬಿತ್ತನೆ ಬೀಜಕ್ಕೆ ಔಷಧಿ ಸವರಿರುತ್ತಾರೆ.